ರಿಡಕ್ಷನ್ ನಂಬರ್ ಹುಡುಕಲು ಲೋಕಲ್ ಕೊಹೊಮಾಲಜಿ ಯಾಕೆ ಬೇಕು?

ಓದುಗರ ಪ್ರಶ್ನೆ: ಐಡಿಯಲ್‌ನ ರಿಡಕ್ಷನ್ ನಂಬರನ್ನು ಗುಣಾಕಾರ ಮಾಡಿಯೇ ಕಂಡುಹಿಡಿಯಬಹುದಲ್ವಾ? ಮಧ್ಯೆ ಲೋಕಲ್ ಕೊಹೊಮಾಲಜಿ ಯಾಕೆ ಬರುತ್ತದೆ?

ಮೊದಲು ಗುಣಾಕಾರವನ್ನೇ ಮಾಡಿ ನೋಡೋಣ. ಅ, ಬ ಎಂಬ ಎರಡು ಚರಗಳ ಬಹುಪದಗಳ ರಿಂಗ್ (ಕೂಡಿಸಿ, ಕಳೆದು, ಗುಣಿಸಬಹುದಾದ ಗಣ) ತಗೊಳ್ಳಿ. ಅ⁴, ಅ³ಬ, ಅಬ³, ಬ⁴ ಈ ನಾಲ್ಕರಿಂದ ಹುಟ್ಟುವ ಐಡಿಯಲ್, ಅಂದರೆ ಇವನ್ನು ಯಾವುದೇ ಬಹುಪದಗಳಿಂದ ಗುಣಿಸಿ ಕೂಡಿಸಿದಾಗ ಸಿಗುವುದೆಲ್ಲ, 'ದ' ಆಗಿರಲಿ. ಅ²ಬ² ಇದರಲ್ಲಿ ಇಲ್ಲ, ಗಮನಿಸಿ. ಅದರೊಳಗೆ ಅ⁴, ಬ⁴ ಎರಡರಿಂದಲೇ ಹುಟ್ಟುವ ಚಿಕ್ಕ ಐಡಿಯಲ್ 'ಚ'. 'ದ'ದ ಯಾವುದೋ ಒಂದು ಘಾತವನ್ನು 'ಚ'ದಿಂದ ಗುಣಿಸಿದರೆ 'ದ'ದ ಮುಂದಿನ ಘಾತ ಪೂರ್ತಿ ಸಿಗಬೇಕು. ಆಗ 'ಚ'ವನ್ನು 'ದ'ದ ರಿಡಕ್ಷನ್ ಅನ್ನುತ್ತೇವೆ. ನಾರ್ತ್‌ಕಾಟ್ ಮತ್ತು ರೀಸ್ 1954ರಲ್ಲಿ ಕೊಟ್ಟ ಕಲ್ಪನೆ ಇದು. ಇದು ಮೊದಲ ಸಲ ನಿಜವಾಗುವ ಘಾತವೇ ರಿಡಕ್ಷನ್ ನಂಬರ್.

ಪೆನ್ನು ಹಿಡಿದು ಬರೆಯಿರಿ. ದ²ರಲ್ಲಿ ಡಿಗ್ರಿ 8ರ ಏಕಪದಗಳು ಒಂಬತ್ತೂ ಇವೆ. ಚ·ದದಲ್ಲಿ ಏಳೇ ಇವೆ. ಕಾಣೆಯಾದವು ಅ⁶ಬ² ಮತ್ತು ಅ²ಬ⁶. ಚ·ದ²ಕ್ಕೆ ಹೋದರೆ ಡಿಗ್ರಿ 12ರ ಹದಿಮೂರೂ ಸಿಗುತ್ತವೆ. ಹಾಗಾಗಿ ಉತ್ತರ 2.

ಈಗ ಕಾಣೆಯಾದ ಎರಡನ್ನು ಮತ್ತೊಮ್ಮೆ ನೋಡಿ. ಒಂದು ಅ⁴·ಅ²ಬ², ಇನ್ನೊಂದು ಬ⁴·ಅ²ಬ². ಮೊದಲೇ ಬಿಟ್ಟುಹೋಗಿದ್ದ ಅದೇ ಅ²ಬ²! ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು.

ಆ ನಾಲ್ಕು ಏಕಪದಗಳನ್ನು ಕೂಡಿಸಿ ಗುಣಿಸಿ ಕಟ್ಟಿದ ಗ್ರೇಡೆಡ್ ರಿಂಗಿನಲ್ಲಿ (ಡಿಗ್ರಿಗೆ ತಕ್ಕಂತೆ ವಿಂಗಡಿಸಿದ ರಿಂಗಿನಲ್ಲಿ) ಅ²ಬ² ಇಲ್ಲ. ಆದರೆ ನಾಲ್ಕರಲ್ಲಿ ಯಾವುದರಿಂದ ಗುಣಿಸಿದರೂ ಅದು ಒಳಗೆ ಬಂದುಬಿಡುತ್ತದೆ. ಉದಾಹರಣೆಗೆ ಅ⁴·ಅ²ಬ² ಅಂದರೆ ಅ³ಬದ ವರ್ಗ. ಹೀಗೆ ಹೊರಗಿದ್ದೂ ಹೊಸಿಲಲ್ಲೇ ನಿಂತಿರುವವನ್ನು ಈ ರಿಂಗಿನ ಮೊದಲನೇ ಲೋಕಲ್ ಕೊಹೊಮಾಲಜಿ ಹಿಡಿದಿಡುತ್ತದೆ. ಗ್ರೋಥೆಂಡೀಕ್ 1961ರಲ್ಲಿ ಹಾರ್ವರ್ಡ್‌ನಲ್ಲಿ ಇದನ್ನು ವಿವರಿಸಿದ್ದರು. ಇಲ್ಲಿ ಅದರಲ್ಲಿರುವುದು ಅ²ಬ² ಒಂದೇ ದಿಕ್ಕು. ನಾಲ್ಕು ಜನಕಗಳ (ಆ ನಾಲ್ಕು ಏಕಪದಗಳ) ಡಿಗ್ರಿಯನ್ನು 1 ಎಂದು ಎಣಿಸಿದರೆ ಅದರ ಡಿಗ್ರಿಯೂ 1. ಎರಡನೆಯ ಕೊಹೊಮಾಲಜಿಯ, ಅಂದರೆ ಇಲ್ಲಿ ಕೊನೆಯದರ, ಅತಿ ಹೆಚ್ಚಿನ ಡಿಗ್ರಿ −1.

ಪ್ರತಿ ಡಿಗ್ರಿಗೂ ಅದರ ಕೊಹೊಮಾಲಜಿಯ ಕ್ರಮಸಂಖ್ಯೆ ಕೂಡಿಸಿ: 1+1=2, −1+2=1. ವಿಯೆಟ್ನಾಂನ ಗಣಿತಜ್ಞ ಙೊ ವಿಯೆಟ್ ಚುಂಗ್ 1987ರಲ್ಲಿ ತೋರಿಸಿದ್ದು ಇಷ್ಟು: ಕೊನೆಯ ಕೊಹೊಮಾಲಜಿಯ ಮೊತ್ತಕ್ಕಿಂತ ರಿಡಕ್ಷನ್ ನಂಬರ್ ಕಡಿಮೆಯಾಗದು, ಎಲ್ಲ ಮೊತ್ತಗಳಲ್ಲಿ ದೊಡ್ಡದನ್ನು ಮೀರದು. ಇಲ್ಲಿ ಅದು 1 ಮತ್ತು 2ರ ನಡುವೆ. ಅ²ಬ²ವನ್ನೂ ಸೇರಿಸಿಬಿಟ್ಟರೆ ಮೊದಲನೇ ಕೊಹೊಮಾಲಜಿ ಸೊನ್ನೆಯಾಗುತ್ತದೆ, ಎರಡು ಗಡಿಯೂ 1ಕ್ಕೆ ಬಂದು ಕೂಡುತ್ತವೆ, ಉತ್ತರ 1.

ಹಾಗಂತ ಕೊಹೊಮಾಲಜಿ ಯಾವಾಗಲೂ ನಿಖರ ಸಂಖ್ಯೆ ಕೊಡುವುದಿಲ್ಲ. ಆದರೆ ಕೈಲೆಕ್ಕ ತೀರ್ಮಾನಿಸುವುದು ನೀವು ಆರಿಸಿಕೊಂಡ ಒಂದು 'ಚ'ದ ಮಾತನ್ನು ಮಾತ್ರ. ಅ⁴, ಬ⁴ ಬದಲು ನಾಲ್ಕು ಜನಕಗಳನ್ನು ಬೇರೆ ಬೇರೆ ರೀತಿ ಬೆರೆಸಿ ಎಷ್ಟೋ ಕನಿಷ್ಠ ರಿಡಕ್ಷನ್‌ಗಳನ್ನು (ಇನ್ನೂ ಚಿಕ್ಕದಾಗಿಸಲಾಗದವನ್ನು) ಮಾಡಬಹುದು. ಅವೆಲ್ಲಕ್ಕೂ 2ರ ಆ ಗಡಿ ಒಂದೇ ಸಲಕ್ಕೆ ಅನ್ವಯಿಸುತ್ತದೆ.