ಇರುವೆಯಲ್ಲದ ಇರುವೆಗಳು: ಕಾಲು ಎಣಿಸಿದರೆ ಸಾಲದು

ತೊಗರಿ ಕಾಯಿ ಕಟ್ಟುವ ಹೊತ್ತಿಗೆ ವಿಜಯಪುರದ ಹತ್ತಿರದ ನಮ್ಮ ಹೊಲಕ್ಕೆ ಹೋಗಿದ್ದೆ. ಒಂದು ಕಾಯಿ ಮೇಲೆ ಕಪ್ಪು ಗೊದ್ದ ಕೂತಿತ್ತು. ಬಗ್ಗಿ ನೋಡಿದರೆ ಸೂಜಿಯಂಥ ಮೂತಿ ಕಾಯಿಗೆ ಚುಚ್ಚಿ ರಸ ಹೀರುತ್ತಿದೆ! ಇರುವೆಗಿರುವುದು ಕಚ್ಚುವ ದವಡೆ, ಸೂಜಿ ಎಲ್ಲಿಂದ ಬಂತು? ಅದು ರಿಪ್ಟಾರ್ಟಸ್ ಎಂಬ ತಿಗಣೆಯ ಮರಿ. ಇದಕ್ಕೂ ಆರೇ ಕಾಲು, ಹಾಗಾಗಿ ಕಾಲು ಎಣಿಸಿ ಏನೂ ಸಿಗಲ್ಲ. ಕುಡಿಮೀಸೆ ನೋಡಬೇಕು. ಇರುವೆಯದು ಮೊಣಕೈಯಂತೆ ಮಡಚಿರುತ್ತದೆ, ಇದರದು ಹಾಗಿರಲ್ಲ. ರೆಕ್ಕೆ ಬಂದ ಮೇಲೆ ಈ ವೇಷ ಉಳಿಯುವುದಿಲ್ಲ.

ವೇಷ ಯಾಕೆ? ಇರುವೆ ಕಚ್ಚುತ್ತದೆ, ಕೆಲವು ಆಸಿಡ್ ಚಿಮ್ಮುತ್ತವೆ, ಒಂದನ್ನು ಕೆಣಕಿದರೆ ಹಿಂದೆ ದಂಡೇ ಬರುತ್ತದೆ. ಅದಕ್ಕೇ ಅನೇಕ ಬೇಟೆಗಾರ ಜೀವಿಗಳು ಅವುಗಳ ತಂಟೆಗೆ ಹೋಗಲ್ಲ. ಬಡಪಾಯಿ ಜೀವಿ ಜೋರಿನವರ ವೇಷ ಹಾಕುವ ಈ ಉಪಾಯವನ್ನು ಇಂಗ್ಲೆಂಡಿನ ನಿಸರ್ಗ ವಿಜ್ಞಾನಿ ಹೆನ್ರಿ ಬೇಟ್ಸ್ 1862ರಲ್ಲಿ ಅಮೆಜಾನಿನ ಚಿಟ್ಟೆಗಳನ್ನು ನೋಡಿ ವಿವರಿಸಿದ. ಇದಕ್ಕೆ ಹೆಸರು: ಬೇಟ್ಸಿಯನ್ ಅಣಕ.

ಜೇಡಗಳದು ಇನ್ನೂ ಮಜಾ. ಖಾನಾಪುರದ ಕಡೆ ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಜಿಗ ಗೊತ್ತಲ್ವಾ? ಅದನ್ನು ಅಣಕಿಸುವ ಒಂದು ಜಿಗಿಯುವ ಜೇಡವಿದೆ. ಜೇಡದ ದೇಹಕ್ಕೆ ಎರಡೇ ಭಾಗ. ಆದರೆ ಇದರ ಮುಂಭಾಗ ನಡುವೆ ಸಣ್ಣಗಾಗಿ, ತಲೆ ಬೇರೆ ಎದೆ ಬೇರೆ ಅನ್ನಿಸುತ್ತದೆ. ಗಂಡಿನ ದವಡೆಯಂತೂ ಉದ್ದವೋ ಉದ್ದ. ಇರುವೆ ಇನ್ನೊಂದು ಇರುವೆಯನ್ನು ಕಚ್ಚಿಕೊಂಡು ಹೋಗುತ್ತಿದೆ ಅಂದುಕೊಳ್ಳಬೇಕು, ಹಾಗಿರುತ್ತದೆ.

ಇಲ್ಲೊಂದು ತಪ್ಪು ತಿದ್ದಿಕೊಳ್ಳಿ. ಇಂಥ ಜೇಡ ಮುಂದಿನ ಎರಡು ಕಾಲನ್ನು ಮೀಸೆಯಂತೆ ಎತ್ತಿಕೊಂಡು ಆರು ಕಾಲಲ್ಲೇ ನಡೆಯುತ್ತದೆ ಅಂತ ನಾನೂ ಬರೆದುಕೊಂಡಿದ್ದೆ. ಇದೇ ಗುಂಪಿನ ಒಂದು ಜೇಡವನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೇ ಬೇರೆ. ಅದು ಎಂಟೂ ಕಾಲಲ್ಲಿ ನಡೆಯುತ್ತದೆ. ನಡುನಡುವೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ನಿಂತು, ಮುಂಗಾಲು ಎತ್ತಿ ಆಡಿಸಿ, ಮತ್ತೆ ಓಡುತ್ತದೆ. ಅಷ್ಟು ಚುಟುಕು ನಿಲುಗಡೆ ಬರಿಗಣ್ಣಿಗೆ ಕಾಣಲ್ಲ. ಓಡುವ ದಾರಿಯೂ ವಾಸನೆ ಹಿಡಿದ ಇರುವೆಯಂತೆ ವಂಕಿವಂಕಿ.

ಮರದ ಹತ್ತಿರ ಅನುಮಾನ ಬಂದರೆ ಕಡ್ಡಿಯಲ್ಲಿ ಸುಮ್ನೆ ಮುಟ್ಟಿ. ಕೆಂಜಿಗ ಕಡ್ಡಿಯನ್ನೇ ಕಚ್ಚಿ ಹಿಡಿಯುತ್ತದೆ. ನಾನು ಮುಟ್ಟಿದ್ದು ಮಾತ್ರ ಎಲೆ ತುದಿಯಿಂದ ಜಿಗಿದು, ನೂಲಿನಲ್ಲಿ ತೂಗುತ್ತ ನಿಂತಿತು.