ದುಡ್ಡು ಕೊಟ್ಟವರಿಗೇ ಬೀಗ

ಕೊಡಗಿನ ಮಳೆಗಾಲ ಕಾಗದದ ಪುಸ್ತಕಕ್ಕೆ ಒಳ್ಳೆಯದಲ್ಲ. ಜುಲೈ ಬರುವಷ್ಟರಲ್ಲಿ ರಟ್ಟಿನ ಮೇಲೆ ಬೂಷ್ಟು ಹಿಡಿದಿರುತ್ತದೆ. ಅಂಥ ಜಿಲ್ಲೆಗೆ ಇ-ಪುಸ್ತಕ ವರವಾಗಬೇಕಿತ್ತು. ಆದರೆ ಮಡಿಕೇರಿಯಲ್ಲಿ ಗ್ರಂಥಪಾಲಕಿಯಾಗಿ ನಾನು ಹೆಚ್ಚು ಕೇಳುವ ದೂರು ಒಂದೇ: "ದುಡ್ಡು ಕೊಟ್ಟಿದ್ದೇನೆ ಮೇಡಂ, ಪುಸ್ತಕ ತೆರೆಯುತ್ತಿಲ್ಲ."

ಕಾರಣ ಡಿಆರ್‌ಎಂ, ಅಂದರೆ ಇ-ಪುಸ್ತಕಕ್ಕೆ ಹಾಕುವ ಡಿಜಿಟಲ್ ಬೀಗ. ಪುಸ್ತಕದ ಫೈಲನ್ನು ಕೀಲಿಯಿಲ್ಲದೆ ಓದಲಾಗದ ಗೂಢರೂಪಕ್ಕೆ ತಿರುಗಿಸಿ (ಎನ್‌ಕ್ರಿಪ್ಟ್ ಮಾಡಿ), ತೆರೆಯುವ ಕೀಲಿಯನ್ನು ಕೊಂಡವರ ಖಾತೆಗೋ ಸಾಧನಕ್ಕೋ ಜೋಡಿಸಿರುತ್ತಾರೆ. ಫೋನ್ ಬದಲಿಸಿದರೆ ಅಥವಾ ಆ್ಯಪ್ ಮತ್ತೆ ಹಾಕಿಕೊಂಡರೆ ಕಂಪನಿಯ ಸರ್ವರ್ ಒಪ್ಪಬೇಕು. ಗಾಳಿಗೆ ಮರ ಬಿದ್ದು, ಕರೆಂಟ್ ಹೋಗಿ, ಟವರ್ ಕೂಡ ನಿಂತಿರುವಾಗ ಭಾಗಮಂಡಲದ ಕಡೆಯ ಮನೆಗೆ ಆ ಒಪ್ಪಿಗೆ ಹೇಗೆ ತಲುಪೀತು? ತೋಟದ ಕೆಲಸ ನಿಂತು ಓದಲು ಪುರುಸೊತ್ತು ಸಿಗುವುದೂ ಅದೇ ದಿನಗಳಲ್ಲಿ.

ಸರ್ವರ್ ಇಟ್ಟವರೇ ಅಂಗಡಿ ಮುಚ್ಚಿದರೆ ಪುಸ್ತಕವೂ ಹೋಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆ ಮುಚ್ಚಿದಾಗ ಓದುಗರಿಗೆ ಹಣ ವಾಪಸು ಬಂತು, ಕೊಂಡ ಪುಸ್ತಕಗಳು ಮಾತ್ರ ತೆರೆಯದಾದವು. 2009ರಲ್ಲಿ ಅಮೆಜಾನ್, ಹಕ್ಕಿನ ತಕರಾರು ಬಂದಿದ್ದರಿಂದ ಜಾರ್ಜ್ ಆರ್ವೆಲ್ ಅವರ ಕಾದಂಬರಿಗಳನ್ನು ಓದುಗರ ಕಿಂಡಲ್ ಎಂಬ ಇ-ಪುಸ್ತಕ ಓದುವ ಸಾಧನಗಳಿಂದಲೇ ಅಳಿಸಿಹಾಕಿತ್ತು. ಕಾಗದದ ಪುಸ್ತಕ ಮಾರಿದವರು ಮನೆಗೆ ಬಂದು ಅದನ್ನು ಒಯ್ಯುವುದುಂಟೇ?

ಪ್ರಕಾಶಕರ ಭಯ ಸುಳ್ಳಲ್ಲ. ಕನ್ನಡದಲ್ಲಿ ಕೆಲವೇ ನೂರು ಪ್ರತಿ ಮಾರಿ ಬದುಕುವವರಿಗೆ ಪ್ರತಿ ಕಳ್ಳತನವೂ ನೋವೇ. ಆದರೆ ನನ್ನ ಕಣ್ಣಿಗೆ ಬಿದ್ದ ಕನ್ನಡದ ಕಳ್ಳಪ್ರತಿಗಳಲ್ಲಿ ಹೆಚ್ಚಿನವು ಅಚ್ಚಾದ ಪುಸ್ತಕವನ್ನೇ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಅವನ್ನು ಇ-ಪುಸ್ತಕದ ಯಾವ ಬೀಗವೂ ತಡೆಯಲಾರದು. ಇನ್ನು ಬೀಗ ಹಾಕಿದ ಪುಸ್ತಕವಾದರೂ ಅಷ್ಟೇ, ಒಬ್ಬ ಒಡೆದರೆ ಸಾಕು, ಮುಂದಿನವರಿಗೆಲ್ಲ ಬೀಗವಿಲ್ಲದ ಪ್ರತಿಯೇ ಸಿಗುತ್ತದೆ. ಪ್ರಾಮಾಣಿಕವಾಗಿ ಕೊಂಡವರಿಗೇ ಅದಕ್ಕಿಂತ ಕೀಳು ಪ್ರತಿ ಕೊಡುವುದು ಅನ್ಯಾಯ.

ನನ್ನನ್ನು ಹೆಚ್ಚು ಕಾಡುವುದು ದೃಷ್ಟಿದೋಷವಿರುವ ಓದುಗರ ಪಾಡು. ಕೆಲವು ಬೀಗಗಳು ಪಠ್ಯವನ್ನು ಗಟ್ಟಿಯಾಗಿ ಓದುವ ತಂತ್ರಾಂಶವನ್ನೂ ತಡೆಯುತ್ತವೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ, ಅಂಥವರಿಗಾಗಿ ಪುಸ್ತಕವನ್ನು ಓದಬಲ್ಲ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ. ಅದೇ ತಿದ್ದುಪಡಿಯ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದವರಿಗೆ ಎರಡು ವರ್ಷದವರೆಗೆ ಜೈಲು ಎನ್ನುತ್ತದೆ. ಉದ್ದೇಶ ಬೇರೆಯಾದರೂ ಜೈಲು ಎಂಬ ಮಾತು ಕೇಳಿದ ಮೇಲೆ ಸಣ್ಣ ಗ್ರಂಥಾಲಯ ಆ ಕೆಲಸಕ್ಕೆ ಕೈಹಾಕಲು ಹಿಂಜರಿಯುತ್ತದೆ.

ಗ್ರಂಥಾಲಯ ಎರವಲು ಕೊಡುವ ಇ-ಪುಸ್ತಕದ ಮಾತು ಬೇರೆ. ಅವಧಿ ಮುಗಿದೊಡನೆ ಅದು ಮುಚ್ಚಿಕೊಳ್ಳಲಿ, ಇನ್ನೊಬ್ಬರು ಕಾಯುತ್ತಿರುತ್ತಾರೆ. ಮಾರಿದ ಪುಸ್ತಕಕ್ಕೆ ಕೊಂಡವರ ಹೆಸರನ್ನು ಪುಟದಲ್ಲೇ ಮೂಡಿಸುವ ವಾಟರ್‌ಮಾರ್ಕ್ ಸಾಕು. ಇಂಗ್ಲಿಷಿನಲ್ಲಿ ಟಾರ್ ಬುಕ್ಸ್ ಎಂಬ ಪ್ರಕಾಶನ ಸಂಸ್ಥೆ 2012ರಿಂದಲೇ ಡಿಆರ್‌ಎಂ ಇಲ್ಲದೆ ಮಾರುತ್ತಿದೆ. ಕೊಳ್ಳುವ ಮುನ್ನ ಪುಸ್ತಕದ ವಿವರದಲ್ಲಿ ಡಿಆರ್‌ಎಂ ಇದೆಯೇ ನೋಡಿ. ಇಲ್ಲವೆಂದಿದ್ದರೆ ಇ-ಪಬ್ (ಇ-ಪುಸ್ತಕದ ಸಾಮಾನ್ಯ ರೂಪ) ಫೈಲನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲೂ ಒಂದು ಪ್ರತಿ ಇಡಿ. ಈ ಕೆಲಸವನ್ನು ಮಳೆ ಹಿಡಿಯುವ ಮೊದಲೇ ಮುಗಿಸಿಕೊಳ್ಳಿ.