ಅಜ್‌ಟೆಕ್ ಚಿತ್ರಲಿಪಿಯಲ್ಲಿ ಹೆಣ್ಣಿನ ಹೆಸರು

ಮೆಕ್ಸಿಕೊದ ಅಜ್‌ಟೆಕ್ ಜನ ಹೆಸರನ್ನೂ ಚಿತ್ರದಲ್ಲೇ ಬರೆಯುತ್ತಿದ್ದರು. ದೊರೆ ಇಟ್ಸ್‌ಕೋವಾಟ್ಲ್‌ನ ಹೆಸರಿಗೆ ಒಂದು ಹಾವು, ಅದರ ಬೆನ್ನ ಮೇಲೆ ಅಬ್ಸಿಡಿಯನ್ ಎಂಬ ಜ್ವಾಲಾಮುಖಿ ಗಾಜಿನ ಚೂಪು ಮೊನೆಗಳು. 'ಇಟ್ಸ್' ಅಂದರೆ ಆ ಗಾಜು, 'ಕೋವಾಟ್ಲ್' ಅಂದರೆ ಹಾವು. ಈ ಚಿತ್ರವನ್ನು ವ್ಯಕ್ತಿಯ ತಲೆಯ ಬಳಿ ಬರೆದರೆ ಅದೇ ಅವನ ಹೆಸರು.

ಹೆಸರು ಓದಿ ಗಂಡೋ ಹೆಣ್ಣೋ ಹೇಳಬಹುದಿತ್ತೇ? ಎಷ್ಟೋ ಸಲ ಆಗುತ್ತಿರಲಿಲ್ಲ. ಅವರ ನಾವಾಟ್ಲ್ ಭಾಷೆಯ ವ್ಯಾಕರಣದಲ್ಲಿ ಅವನು, ಅವಳು ಎಂಬ ಭೇದವೇ ಇಲ್ಲ. ಹುಟ್ಟಿದ ದಿನದ ಹೆಸರನ್ನೇ ಮಗುವಿಗೆ ಇಡುವ ರೂಢಿಯೂ ಇತ್ತು. 20 ಚಿಹ್ನೆ, 13 ಸಂಖ್ಯೆ ಸೇರಿ 260 ದಿನಗಳ ಪಂಚಾಂಗ. ಅದು ಎಲ್ಲರಿಗೂ ಒಂದೇ. 'ಐದು ಹೂವು' ಒಬ್ಬ ಗಂಡುದೇವರ ಹೆಸರು. ಟ್ಲಕಾಯೆಲೆಲ್ ಎಂಬ ಪ್ರಭಾವಿ ಮುಖಂಡನ ಮಗಳು, ಕವಯಿತ್ರಿಯೊಬ್ಬಳ ಹೆಸರೂ ಅದೇ.

ಹಾಗಾಗಿ ಗಂಡು ಹೆಣ್ಣು ತಿಳಿಯಲು ಮೈಯ ಚಿತ್ರವನ್ನೇ ನೋಡಬೇಕು. ಹೆಂಗಸು ಮಂಡಿಯೂರಿ ಕೂತಿರುತ್ತಾಳೆ. ಲಂಗ, ಮೇಲೊಂದು ಸಡಿಲ ಅಂಗಿ. ಮದುವೆಯಾದವಳ ಕೂದಲು ಹಣೆಯ ಮೇಲೆ ಎರಡು ಪುಟ್ಟ ಕೊಂಬಿನ ಹಾಗೆ ಎದ್ದಿರುತ್ತದೆ. ಗಂಡಸು ಮೊಣಕಾಲು ಎದೆಯ ಹತ್ತಿರ ತಂದು, ಹೊದಿಕೆ ಸುತ್ತಿಕೊಂಡಿರುತ್ತಾನೆ.

ಸ್ಪೇನಿನವರು ಮೆಕ್ಸಿಕೊ ಗೆದ್ದ ಮೇಲೆ, 1540ರ ದಶಕದ ಆರಂಭದಲ್ಲಿ, ಅಜ್‌ಟೆಕ್ ಜನರ ಬದುಕನ್ನು ಚಿತ್ರಗಳಲ್ಲಿ ತೋರಿಸಿದ ಮೆಂಡೋಜಾ ಹಸ್ತಪ್ರತಿ ಈಗ ಆಕ್ಸ್‌ಫರ್ಡ್‌ನ ಬೊಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರಲ್ಲಿ ನಾಮಕರಣದ ಪುಟ ನನಗೆ ತುಂಬಾ ಇಷ್ಟ. ತೊಟ್ಟಿಲ ಮೇಲೆ ನಾಲ್ಕು ಹೂವು, ಅಂದರೆ ಹುಟ್ಟಿ ನಾಲ್ಕು ದಿನ. ಸೂಲಗಿತ್ತಿ ಮಗುವನ್ನು ಎತ್ತಿಕೊಂಡು ಸ್ನಾನಕ್ಕೆ ಹೊರಟಿದ್ದಾಳೆ. ನೀರಿನ ಪಾತ್ರೆಯ ಒಂದು ಕಡೆ ಗಂಡುಮಗುವಿಗೆಂದು ಗುರಾಣಿ, ಬಾಣ, ಕಸುಬಿನ ಸಾಮಾನು. ಇನ್ನೊಂದು ಕಡೆ ಹೆಣ್ಣುಮಗುವಿಗೆಂದು ಪೊರಕೆ, ಕದಿರು, ಬುಟ್ಟಿ. ಹತ್ತಿರದಲ್ಲೇ ಮೂವರು ಹುಡುಗರು ಹುರಿದ ಮೆಕ್ಕೆಜೋಳ ತಿನ್ನುತ್ತಾ ಕೂತಿದ್ದಾರೆ. ಮಗುವಿನ ಹೆಸರನ್ನು ಜೋರಾಗಿ ಕೂಗುವವರು ಅವರೇ. ಮುಂದೆ ಯಾರು ಯಾವ ಕೆಲಸ ಮಾಡಬೇಕು ಎನ್ನುವುದೂ ಅದೇ ಬೆಳಗ್ಗೆ ನಿರ್ಧಾರವಾಗಿಬಿಡುತ್ತಿತ್ತು, ಅಲ್ವಾ?

ಸಾಮಾನ್ಯ ಹೆಂಗಸರ ಹೆಸರುಗಳು ಸಿಗುವುದು ಮೆಕ್ಸಿಕೊದ ಕ್ವೆರ್ನವಾಕಾ ಊರಿನ ಸುತ್ತ ಸ್ಪೇನಿನವರ ಕಾಲದಲ್ಲಿ ನಡೆದ ಜನಗಣತಿಯಲ್ಲಿ. ಅದು ನಾವಾಟ್ಲ್ ಭಾಷೆಯದು, ಲಿಪಿ ಮಾತ್ರ ರೋಮನ್. ಗಂಡಸರ ಹೆಸರು ತರಹೇವಾರಿ. ಹೆಂಗಸರದು ಮತ್ತೆ ಮತ್ತೆ ತೆಯಾಕಾಪಾನ್, ಟ್ಲಾಕೊ, ಶೋಕೊ: ಹಿರಿಯಳು, ನಡುವಿನವಳು, ಕಿರಿಯಳು. ಇದರಲ್ಲಿ ತಾತ್ಸಾರವೇ ಇದೆ ಎಂದು ನನಗೆ ಅನಿಸುವುದಿಲ್ಲ. ಮನೆಯೊಳಗೆ ಕರೆಯಲು ಅಷ್ಟು ಸಾಕು. ಆದರೆ ಇಡೀ ಊರಿನ ಪಟ್ಟಿಯಲ್ಲಿ ಯಾವ ತೆಯಾಕಾಪಾನ್ ಯಾರೆಂದು ಗುರುತಿಸುವುದು ಕಷ್ಟ.

ಮೆಕ್ಸಿಕೊದ ಇನ್ನೊಂದು ಊರು ವೆಶೊಟ್ಸಿಂಕೊದ 1560ರ ಗಣತಿಯಲ್ಲಿ ಗಂಡಸರ ತಲೆಗಳು ಸಾಲು ಸಾಲಾಗಿವೆ, ಪಕ್ಕದಲ್ಲಿ ಹೆಸರಿನ ಚಿತ್ರಗಳು. ಅರಸುಮನೆತನದ ಹೆಣ್ಣುಮಕ್ಕಳ ಕಥೆ ಬೇರೆ. ಕುಲ್ವಾಕಾನ್ ಎಂಬ ನಗರರಾಜ್ಯದ ವಂಶದ ಇಲಾನ್‌ಕ್ವೇಯಿಟ್ಲ್‌ಳ ಹೆಸರು ಉಳಿದಿದೆ. ಅಜ್‌ಟೆಕ್ ಜನರ ಮೊದಲ ದೊರೆ ಅಕಮಾಪಿಚ್‌ಟ್ಲಿಯ ರಾಣಿ ಅವಳು, ಅವನ ಪಟ್ಟಕ್ಕೆ ಅವಳ ಕುಲದ ಬಲ ಬೇಕಿತ್ತು.